ಬಾಡಿಗೆ ಕಂಪನಿಯ ವಾರ್ಷಿಕ ಲೆಕ್ಕ: ಬಂದ ಹಣವೆಲ್ಲ ಆದಾಯವೇ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಕಂಪನಿಗಳ ಹಣಕಾಸು ತಃಖ್ತೆಗಳ ಅಧ್ಯಾಯ ಶುರುವಾದಾಗ ನಾನು ಬೋರ್ಡಿನ ಮೇಲೆ ಬರೆಯುವ ಲೆಕ್ಕಗಳಲ್ಲಿ ಯಾವಾಗಲೂ ಒಂದು ಕಾರ್ಖಾನೆ ಇರುತ್ತದೆ. ಕಚ್ಚಾ ಸಾಮಗ್ರಿ, ಕೂಲಿ, ಸಿದ್ಧ ಸರಕಿನ ದಾಸ್ತಾನು. ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರೋದು ಬಾಡಿಗೆ ಮಳಿಗೆ. ಮಳಿಗೆ ಬಿಟ್ಟು ಬೇರೆ ಏನೂ ಇಲ್ಲದ ಕಂಪನಿಯ ಲೆಕ್ಕ ಹೇಗೆ ಬರೀತಾರೆ?" ಪಠ್ಯಪುಸ್ತಕ ಉತ್ತರಿಸದ ಪ್ರಶ್ನೆ. ಆದರೆ ಹಾಸನದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ ವಾಣಿಜ್ಯ ಓದಿದ ಮಕ್ಕಳಿಗೆ ಮನೆಯವರು ಮೊದಲು ಕೇಳುವುದೇ ಇದನ್ನು. ಕೊಲ್ಲಿಯಲ್ಲಿ ದುಡಿದ ಹಣ, ಮಂಡಿ ವ್ಯಾಪಾರದ ಉಳಿತಾಯ, ತಂದೆಯ ನಿವೃತ್ತಿ ಮೊತ್ತ, ಎಲ್ಲವೂ ಕೊನೆಗೆ ಮುಖ್ಯರಸ್ತೆಯ ನಾಲ್ಕಾರು ಮಳಿಗೆಗಳಾಗಿ ನಿಲ್ಲುತ್ತವೆ. ತಂದೆ ಇರುವವರೆಗೆ ಲೆಕ್ಕ ಅವರ ತಲೆಯಲ್ಲಿರುತ್ತದೆ. ಅವರು ಹೋದ ಮೇಲೆ ಪಾಲುದಾರರು ನಾಲ್ಕು ಜನ, ಬಾಡಿಗೆ ವಸೂಲಿ ಮಾಡುವವರು ಒಬ್ಬರು.

ವಾರ್ಷಿಕ ಲೆಕ್ಕದ ಅರ್ಥ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ. ವಸೂಲಿ ಮಾಡುವವರಿಗೆ ಎಷ್ಟು ಬಂತೆಂದು ಗೊತ್ತೇ ಇರುತ್ತದೆ. ಲೆಕ್ಕ ಬೇಕಾಗಿರುವುದು ಕೈಯಲ್ಲಿ ಕೀಲಿ ಇಲ್ಲದವರಿಗೆ. ಮಂಗಳೂರಿಗೆ ಮದುವೆಯಾಗಿ ಹೋದ ತಂಗಿಗೆ, ದಮ್ಮಾಮಿನಲ್ಲಿ ಸಂಸಾರ ಹೂಡಿದ ಅಕ್ಕನಿಗೆ. ಫೋನಿನಲ್ಲಿ "ಭಾಯಿ, ಈ ವರ್ಷ ಬಾಡಿಗೆ ಎಷ್ಟು ಬಂತು?" ಎಂದು ಕೇಳುವುದೇ ಮುಜುಗರ. ಕೇಳಿದರೆ ಅಪನಂಬಿಕೆ ಎಂದಾಗುತ್ತದೆ, ಕೇಳದಿದ್ದರೆ ಏನೂ ತಿಳಿಯುವುದಿಲ್ಲ. ಕಂಪನಿ ಕಾಯ್ದೆ ಈ ಮುಜುಗರವನ್ನು ತಪ್ಪಿಸುತ್ತದೆ. 2013ರ ಕಾಯ್ದೆಯ 136ನೇ ಕಲಂ ಪ್ರಕಾರ ವಾರ್ಷಿಕ ಸಾಮಾನ್ಯ ಸಭೆಗೆ 21 ದಿನ ಮೊದಲು ಪ್ರತಿಯೊಬ್ಬ ಸದಸ್ಯರಿಗೂ ಲೆಕ್ಕದ ಪ್ರತಿ ತಲುಪಬೇಕು. ಅವರು ಕೇಳಲಿ, ಕೇಳದಿರಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರ ಮನೆಯ ಲೆಕ್ಕವೂ ಅಲ್ಲ, ಅಂಕಿಗಳು ನಾನು ಪಾಠಕ್ಕಾಗಿ ಹಾಕಿದವು. ಒಂದು ಖಾಸಗಿ ನಿಯಮಿತ ಕಂಪನಿ. 10 ರೂಪಾಯಿಯ 1,20,000 ಷೇರುಗಳು, ಅಂದರೆ 12 ಲಕ್ಷ ಬಂಡವಾಳ. ಇಬ್ಬರು ಸಹೋದರರಿಗೆ ತಲಾ 40,000 ಷೇರು, ಇಬ್ಬರು ಸಹೋದರಿಯರಿಗೆ ತಲಾ 20,000. ಆಸ್ತಿ ನಾಲ್ಕು ಊರಿನಲ್ಲಿದೆ. ಹಾಸನದಲ್ಲಿ ಐದು ಮಳಿಗೆ, ತಿಂಗಳಿಗೆ ತಲಾ 12,000 ಬಾಡಿಗೆ. ಚನ್ನರಾಯಪಟ್ಟಣದಲ್ಲಿ ಹೆದ್ದಾರಿಯ ಹತ್ತಿರ ಒಂದು ಗೋದಾಮು, ತಿಂಗಳಿಗೆ 20,000. ಅರಕಲಗೂಡಿನಲ್ಲಿ ಎರಡು ಅಂಗಡಿ, ತಲಾ 5,000. ಹೊಳೆನರಸೀಪುರದ ಮನೆಗೆ ತಿಂಗಳ ಬಾಡಿಗೆ ಇಲ್ಲ. ಅದನ್ನು ಮಾರ್ಚ್ ತಿಂಗಳಲ್ಲಿ 6 ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಕೊಟ್ಟಿದ್ದಾರೆ. ಲೆಕ್ಕದ ವರ್ಷ 2024-25, ಅಂದರೆ 2025ರ ಮಾರ್ಚ್ 31ಕ್ಕೆ ಮುಗಿಯುವ ವರ್ಷ.

ಊರಿನಲ್ಲಿರುವ ಅಣ್ಣ ಒಂದು ಪುಸ್ತಕದಲ್ಲಿ ಬಂದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿದ್ದಾರೆ. ಬಾಡಿಗೆ ಎಂದು 10,06,000. ಹಾಸನದ ಹೊಸ ಬಾಡಿಗೆದಾರ ಕೊಟ್ಟ ಹತ್ತು ತಿಂಗಳ ಅಡ್ವಾನ್ಸ್ 1,20,000. ಭೋಗ್ಯದ 6,00,000. ಒಟ್ಟು 17,26,000. ಖರ್ಚು 6,72,000. ಕೈಯಲ್ಲಿ ಉಳಿದದ್ದು 10,54,000. ಆರನೇ ಒಂದು ಪಾಲಿನಂತೆ ಒಬ್ಬ ತಂಗಿಗೆ ಸುಮಾರು 1,75,000 ಬರುತ್ತದೆ. ಎಲ್ಲರಿಗೂ ಖುಷಿ. ಆದರೆ ಈ ಪುಸ್ತಕದಲ್ಲಿ ಒಂದು ರೂಪಾಯಿಯ ಸುಳ್ಳೂ ಇಲ್ಲದಿದ್ದರೂ ಲೆಕ್ಕ ಮಾತ್ರ ತಪ್ಪು. ಏಕೆಂದು ಒಂದೊಂದಾಗಿ ನೋಡೋಣ.

ಮೊದಲು ಬಾಡಿಗೆ. ಕಂಪನಿಯ ಲೆಕ್ಕ ಸಂಚಯ ಆಧಾರದಲ್ಲಿರಬೇಕೆಂದು 128ನೇ ಕಲಂ ಹೇಳುತ್ತದೆ. ಹಣ ಯಾವಾಗ ಕೈಸೇರಿತು ಎಂಬುದಕ್ಕಿಂತ ಆ ಬಾಡಿಗೆ ಯಾವ ತಿಂಗಳಿಗೆ ಸೇರಿದ್ದು ಎಂಬುದು ಮುಖ್ಯ. ನಮ್ಮ ಜಿಲ್ಲೆಯಲ್ಲಿ ಇದು ಬರೀ ತಾತ್ವಿಕ ಮಾತಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರದ ತಂಬಾಕು ಹರಾಜು ನಡೆದು ರೈತರ ಕೈಗೆ ದುಡ್ಡು ಬಂದ ಮೇಲೆ ಅಂಗಡಿಗಳ ಉದ್ರಿ ಚುಕ್ತಾ ಆಗುತ್ತದೆ, ಅಂಗಡಿಯವರು ಬಾಡಿಗೆ ಬಾಕಿ ತೀರಿಸುವುದು ಆಮೇಲೆ. ಹಾಸನದ ಮಂಡಿಯಲ್ಲಿ ಬಿತ್ತನೆ ಆಲೂಗಡ್ಡೆಯ ವ್ಯಾಪಾರ ಮೇ-ಜೂನ್ ಸುಮಾರಿಗೆ. ಬೆಳೆಯ ವರ್ಷ ಒಂದು, ಲೆಕ್ಕದ ವರ್ಷ ಇನ್ನೊಂದು. ಹಣ ಬಂದ ದಿನವನ್ನೇ ನೆಚ್ಚಿಕೊಂಡರೆ ಒಂದು ವರ್ಷ ಲಾಭ ಉಬ್ಬುತ್ತದೆ, ಮರುವರ್ಷ ಸೊರಗುತ್ತದೆ. ಕಟ್ಟಡ ಮಾತ್ರ ಅದೇ, ಬಾಡಿಗೆಯೂ ಅದೇ.

ನಮ್ಮ ಉದಾಹರಣೆಯಲ್ಲಿ ಹಾಸನದ ಐದು ಮಳಿಗೆಗಳ ವರ್ಷದ ಬಾಡಿಗೆ 7,20,000. ಗೋದಾಮು ಕೊನೆಯ ಎರಡು ತಿಂಗಳು ಖಾಲಿ ಇತ್ತು, ಹಾಗಾಗಿ ಹತ್ತು ತಿಂಗಳಿಗೆ 2,00,000. ಅರಕಲಗೂಡಿನ ಎರಡು ಅಂಗಡಿಗಳಿಂದ 1,20,000. ಒಟ್ಟು 10,40,000. ಇದು ಈ ವರ್ಷದ ಆದಾಯ. ಪುಸ್ತಕದಲ್ಲಿರುವ 10,06,000ಕ್ಕೂ ಇದಕ್ಕೂ ಏಕೆ ವ್ಯತ್ಯಾಸ ಬಂತು? ಹಾಸನದ ಒಬ್ಬರು ಜನವರಿಯಿಂದ ಮಾರ್ಚ್‌ವರೆಗಿನ 36,000 ಕೊಟ್ಟಿಲ್ಲ. ಅರಕಲಗೂಡಿನ ಒಬ್ಬರು ಅಕ್ಟೋಬರ್‌ನಿಂದ ಆರು ತಿಂಗಳ 30,000 ಬಾಕಿ ಇಟ್ಟಿದ್ದಾರೆ. ಈ ಎರಡೂ ಬರಬೇಕಾದ ಬಾಡಿಗೆ, ಆಸ್ತಿಯ ಕಡೆ ಹೋಗುತ್ತವೆ. ಹಾಸನದ ಇನ್ನೊಬ್ಬರು ಮಾರ್ಚ್ ಕೊನೆಯಲ್ಲೇ ಏಪ್ರಿಲ್ ತಿಂಗಳ 12,000 ಕೊಟ್ಟಿದ್ದಾರೆ. ಅದು ಮುಂದಿನ ವರ್ಷದ್ದು, ಈಗ ಹೊಣೆ. ಅರಕಲಗೂಡಿನ ಮತ್ತೊಬ್ಬರು ಹೋದ ವರ್ಷದ ನಾಲ್ಕು ತಿಂಗಳ ಬಾಕಿ 20,000 ತೀರಿಸಿದ್ದಾರೆ. ಅದು ಹೋದ ವರ್ಷವೇ ಆದಾಯವಾಗಿ ಲೆಕ್ಕಕ್ಕೆ ಬಂದಿದೆ, ಮತ್ತೆ ಬರೆಯುವಂತಿಲ್ಲ. 10,40,000ದಿಂದ 66,000 ಕಳೆದು, 12,000 ಮತ್ತು 20,000 ಕೂಡಿ ನೋಡಿ, 10,06,000 ಬರುತ್ತದೆ. ಪ್ರಥಮ ಪಿಯುಸಿಯಲ್ಲಿ ಹೊಂದಾಣಿಕೆಗಳು ಎಂದು ಬೇಸರದಿಂದ ಮಾಡಿದಿರಲ್ಲ, ಅದೇ ಇದು.

ಇನ್ನು ಅಡ್ವಾನ್ಸ್. ಬಾಡಿಗೆದಾರ ಖಾಲಿ ಮಾಡಿ ಹೊರಡುವ ದಿನ ವಾಪಸು ಕೊಡಬೇಕಾದ ಹಣ ಆದಾಯವಾಗುವುದು ಹೇಗೆ? ಅದು ಸಾಲದಂತೆಯೇ ಒಂದು ಹೊಣೆ. ಅನುಸೂಚಿ IIIರಲ್ಲಿ ಅದನ್ನು ಎಲ್ಲಿ ಬರೆಯಬೇಕು ಎಂಬಲ್ಲಿ ಸ್ವಲ್ಪ ಯೋಚನೆ ಬೇಕು. ನಮ್ಮಲ್ಲಿ ಹೆಚ್ಚಿನ ಕರಾರುಗಳು 11 ತಿಂಗಳಿನವು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಹುಟ್ಟಿದ ಪದ್ಧತಿ ಇದು. ಬಾಡಿಗೆದಾರ ಹತ್ತು ವರ್ಷದಿಂದ ಅಲ್ಲೇ ಇದ್ದರೂ, ನೋಟಿಸ್ ಕೊಟ್ಟು 12 ತಿಂಗಳೊಳಗೆ ಹಣ ಕೇಳುವ ಹಕ್ಕು ಅವನಿಗಿದ್ದರೆ ಅಡ್ವಾನ್ಸ್ ಚಾಲ್ತಿ ಹೊಣೆ ಎಂದೇ ನನ್ನ ಅಭಿಪ್ರಾಯ. ಕೆಲವರು ರೂಢಿಯಂತೆ ದೀರ್ಘಾವಧಿ ಹೊಣೆಯಲ್ಲಿ ಬರೆದುಬಿಡುತ್ತಾರೆ. ಪರೀಕ್ಷೆಯಲ್ಲಿ ಕರಾರಿನ ಷರತ್ತು ಏನೆಂದು ಓದಿ ಬರೆಯಿರಿ.

ಭೋಗ್ಯ ನಮ್ಮ ಹಳೆಯ ಮೈಸೂರು ಭಾಗದವರಿಗೆ ಹೊಸದಲ್ಲ. ಒಟ್ಟಿಗೆ ಒಂದು ಮೊತ್ತ ಪಡೆದು ಮನೆ ಬಿಟ್ಟುಕೊಡುವುದು, ಅವಧಿ ಮುಗಿದ ಮೇಲೆ ಪೂರ್ತಿ ಮೊತ್ತ ಹಿಂದಿರುಗಿಸುವುದು. ನಡುವೆ ಬಾಡಿಗೆಯೂ ಇಲ್ಲ, ಬಡ್ಡಿಯೂ ಇಲ್ಲ. ನೋಡಲು ಸುಲಭ, ಲೆಕ್ಕದಲ್ಲಿ ಅಪಾಯಕಾರಿ. ಹೊಳೆನರಸೀಪುರದ ಮನೆಯ 6 ಲಕ್ಷ ಬಂದ ವರ್ಷ ಲಾಭವಾಗಿ ಕಾಣುತ್ತದೆ. ಮೂರು ವರ್ಷದ ಮೇಲೆ ಅದೇ 6 ಲಕ್ಷ ಎಲ್ಲಿಂದ ತರುವುದು? ಸಾಮಾನ್ಯವಾಗಿ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಹಳಬರಿಗೆ ತೀರಿಸುತ್ತಾರೆ. ಹೊಸಬರು ಸಿಗದ ವರ್ಷ ಮನೆಯೇ ಮಾರಾಟಕ್ಕೆ ಬರುತ್ತದೆ. ಹೀಗೆ ಕರಗಿಹೋದ ಆಸ್ತಿಗಳನ್ನು ನಾನು ನಮ್ಮೂರಲ್ಲೇ ಬಲ್ಲೆ. ಬ್ಯಾಲೆನ್ಸ್ ಶೀಟಿನಲ್ಲಿ ಈ 6 ಲಕ್ಷ ಮೊದಲ ಎರಡು ವರ್ಷಗಳ ಕೊನೆಯಲ್ಲಿ ಬಹುಪಾಲು ದೀರ್ಘಾವಧಿ ಹೊಣೆಯಾಗಿ ಕೂತಿರುತ್ತದೆ, ತೀರಿಸಲು 12 ತಿಂಗಳು ಉಳಿದಾಗ ಚಾಲ್ತಿ ಹೊಣೆಗೆ ಇಳಿಯುತ್ತದೆ. ಆ ಒಂದು ಸಾಲು ಬೇರೆ ಊರಿನಲ್ಲಿರುವ ಷೇರುದಾರರಿಗೆ ವರ್ಷ ಮೊದಲೇ ಕೊಡುವ ಎಚ್ಚರಿಕೆ. ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುವ ಬಡ್ಡಿ ಇತರೆ ಆದಾಯ. ಇಂಥ ದೊಡ್ಡ ಮೊತ್ತವನ್ನು ನಗದಾಗಿ ಪಡೆಯಬಾರದು, ಬ್ಯಾಂಕಿನ ಮೂಲಕವೇ ಬರಬೇಕು. ಕಂಪನಿಯೊಂದು ಭೋಗ್ಯದ ಹಣ ಪಡೆಯುವ ಮುನ್ನ ಅದು ಕಂಪನಿ ಕಾಯ್ದೆಯ ಠೇವಣಿ ನಿಯಮಗಳಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

ಈಗ ಬಾಡಿಗೆಯನ್ನು ಯಾವ ತಲೆಬರಹದಲ್ಲಿ ಬರೆಯುವುದು? ತರಗತಿಯಲ್ಲಿ ಕೇಳಿದರೆ ಮುಕ್ಕಾಲು ಪಾಲು ಕೈಗಳು "ಇತರೆ ಆದಾಯ" ಎಂದು ಏಳುತ್ತವೆ. ಕಾರ್ಖಾನೆಯ ಕಂಪನಿ ತನ್ನ ಖಾಲಿ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಅದು ಸರಿ. ಬಾಡಿಗೆಯೇ ಕಸುಬಾದ ಕಂಪನಿಗೆ ಅದು ಕಾರ್ಯಾಚರಣೆಯ ಆದಾಯ. ಹೆಸರಿನ ಈ ವ್ಯತ್ಯಾಸ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಚೆನ್ನೈ ಪ್ರಾಪರ್ಟೀಸ್ ಅಂಡ್ ಇನ್‌ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯ ಮುಖ್ಯ ಉದ್ದೇಶವೇ ಕಟ್ಟಡಗಳನ್ನು ಹೊಂದಿ ಬಾಡಿಗೆಗೆ ಕೊಡುವುದು ಎಂದು ಅದರ ಮೆಮೊರಾಂಡಂನಲ್ಲಿತ್ತು. ತೆರಿಗೆ ಇಲಾಖೆ ಆ ಬಾಡಿಗೆಯನ್ನು ಮನೆ ಆಸ್ತಿಯ ಆದಾಯ ಎಂದಿತು, ಕಂಪನಿ ವ್ಯಾಪಾರದ ಆದಾಯ ಎಂದಿತು. 2015ರಲ್ಲಿ ನ್ಯಾಯಾಲಯ ಕಂಪನಿಯ ಮಾತನ್ನು ಒಪ್ಪಿತು. ಮನೆ ಆಸ್ತಿಯ ಆದಾಯವಾದರೆ ಸ್ಥಳೀಯ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ರ ಸಾರಾಸಗಟು ಕಡಿತ ಸಿಗುತ್ತದೆ, ಸವಕಳಿ ಇಲ್ಲ. ವ್ಯಾಪಾರದ ಆದಾಯವಾದರೆ ನಿಜವಾಗಿ ಆದ ಖರ್ಚು ಮತ್ತು ಸವಕಳಿ ಎರಡೂ ಕಳೆಯಬಹುದು. ಆದರೆ 2024ರ ಹಣಕಾಸು ಕಾಯ್ದೆ ಇದಕ್ಕೊಂದು ಗಡಿ ಹಾಕಿತು. ವಾಸದ ಮನೆಯನ್ನು ಮಾಲೀಕರು ಬಾಡಿಗೆಗೆ ಕೊಟ್ಟರೆ ಅದನ್ನು ಇನ್ನು ವ್ಯಾಪಾರದ ಆದಾಯ ಎನ್ನುವಂತಿಲ್ಲ. ಮಳಿಗೆ, ಗೋದಾಮುಗಳಿಗೆ ಆ ನಿರ್ಬಂಧ ಇಲ್ಲ.

ಖರ್ಚಿನಲ್ಲಿ ವಿದ್ಯಾರ್ಥಿಗಳು ಎಡವುವುದು ಎರಡು ಕಡೆ. ಒಂದು, ದುರಸ್ತಿ. ಈ ವರ್ಷ ಕಂಪನಿ ಕಟ್ಟಡಗಳಿಗೆಂದು 3,70,000 ಖರ್ಚು ಮಾಡಿದೆ. ಹಾಸನದ ಮಳೆಗೆ ಸೋರಿದ ತಾರಸಿಯ ದುರಸ್ತಿ ಮತ್ತು ಬಣ್ಣಕ್ಕೆ 70,000. ಇದು ಈ ವರ್ಷದ ಖರ್ಚು. ಗೋದಾಮಿಗೆ ಹೊಸದಾಗಿ ಕಟ್ಟಿಸಿದ ಕೋಣೆಗೆ 3,00,000. ಅದು ಬಂಡವಾಳ ವೆಚ್ಚ, ಕಟ್ಟಡದ ಬೆಲೆಗೆ ಸೇರುತ್ತದೆ. ಸೋರುವುದನ್ನು ನಿಲ್ಲಿಸಿದರೆ ಕಟ್ಟಡ ಮೊದಲಿದ್ದಂತೆ ಆಗುತ್ತದೆ, ಕೋಣೆ ಕಟ್ಟಿದರೆ ಮೊದಲಿಗಿಂತ ಹೆಚ್ಚು ದುಡಿಯುತ್ತದೆ. ಹೀಗೆ ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು, ಸವಕಳಿ. "ಕಟ್ಟಡದ ಬೆಲೆ ಏರುತ್ತಲೇ ಇರುತ್ತದಲ್ಲ ಸರ್, ಸವಕಳಿ ಯಾಕೆ?" ಎಂಬುದು ಪ್ರತಿ ವರ್ಷದ ಪ್ರಶ್ನೆ. ಏರುವುದು ಹೆಚ್ಚಾಗಿ ನಿವೇಶನದ ಬೆಲೆ. ಗೋಡೆ, ತಾರಸಿ, ವಿದ್ಯುತ್ ತಂತಿ ಹಳತಾಗುತ್ತಲೇ ಹೋಗುತ್ತವೆ. ಅದಕ್ಕೇ ಭೂಮಿಗೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಇಬ್ಬರನ್ನೂ ಒಂದೇ ಮೊತ್ತದಲ್ಲಿ ಕೊಂಡಿದ್ದರೂ ಲೆಕ್ಕದಲ್ಲಿ ಬೇರೆ ಮಾಡಬೇಕು. ಅನುಸೂಚಿ II ಆರ್‌ಸಿಸಿ ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ, ಆರ್‌ಸಿಸಿ ಅಲ್ಲದ್ದಕ್ಕೆ 30 ವರ್ಷ ಆಯುಷ್ಯ ಕೊಡುತ್ತದೆ. ನಮ್ಮ ಕಂಪನಿಯ ಕಟ್ಟಡಗಳೆಲ್ಲ ಆರ್‌ಸಿಸಿ, ಒಟ್ಟು ಬೆಲೆ 60 ಲಕ್ಷ ಎನ್ನೋಣ. ಶೇ 5 ಉಳಿಕೆ ಬೆಲೆ ಬಿಟ್ಟರೆ 57 ಲಕ್ಷ. ಅದನ್ನು 60 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 95,000. ಹೊಸ ಕೋಣೆ ಮಾರ್ಚ್ 31ಕ್ಕೆ ಮುಗಿದದ್ದರಿಂದ ಅದಕ್ಕೆ ಈ ವರ್ಷ ಸವಕಳಿ ಇಲ್ಲ.

ಉಳಿದ ಹೊಂದಾಣಿಕೆಗಳು ಚಿಕ್ಕವು. ಅಕ್ಟೋಬರ್ 1ರಂದು ವರ್ಷದ ವಿಮೆ 24,000 ಕಟ್ಟಿದ್ದಾರೆ, ಅರ್ಧ ಮಾತ್ರ ಈ ವರ್ಷದ್ದು. ಲೆಕ್ಕಪರಿಶೋಧಕರ ಶುಲ್ಕ 30,000 ಇನ್ನೂ ಕೊಟ್ಟಿಲ್ಲ, ಆದರೂ ಖರ್ಚು. ಅರಕಲಗೂಡಿನಲ್ಲಿ 30,000 ಬಾಕಿ ಇಟ್ಟವರು ಮಾರ್ಚ್ ಕೊನೆಗೆ ಅಂಗಡಿಗೆ ಬೀಗ ಹಾಕಿ ಹೋಗಿದ್ದಾರೆ. ಅವರ ಅಡ್ವಾನ್ಸ್ ಇರುವುದು 15,000. ಉಳಿದ 15,000ಕ್ಕೆ ಸಂಶಯಾಸ್ಪದ ಸಾಲದ ಅವಕಾಶ ಕಲ್ಪಿಸಬೇಕು. ಬಾಡಿಗೆ ವಸೂಲಿ, ಓಡಾಟ, ಜಗಳ ಬಿಡಿಸುವುದು ಎಲ್ಲ ನೋಡಿಕೊಳ್ಳುವ ಅಣ್ಣನಿಗೆ ತಿಂಗಳಿಗೆ 10,000 ಸಂಭಾವನೆ. ಇದನ್ನು ನಾನು ಬಲವಾಗಿ ಒಪ್ಪುತ್ತೇನೆ. ದುಡಿದವರು ಬಹಿರಂಗವಾಗಿ ಪಡೆಯಲಿ, ಅದು ಲೆಕ್ಕದಲ್ಲಿ ಕಾಣಲಿ. "ಮನೆಯವರೇ ತಾನೇ" ಎಂದು ಬಾಡಿಗೆಯಿಂದ ಆಗಾಗ ಸ್ವಲ್ಪ ತೆಗೆದುಕೊಳ್ಳುವ ಪದ್ಧತಿಯೇ ಎಷ್ಟೋ ಮನೆಗಳಲ್ಲಿ ಅಣ್ಣತಂಗಿಯರ ಮಾತು ನಿಲ್ಲಿಸಿದೆ. ಈ ಸಂಭಾವನೆಯನ್ನು ಸಂಬಂಧಿತ ವ್ಯಕ್ತಿಗಳ ವ್ಯವಹಾರ ಎಂದು ಟಿಪ್ಪಣಿಯಲ್ಲೂ ತೋರಿಸಬೇಕು. ಐದು ಮಳಿಗೆಗಳಲ್ಲಿ ಒಂದು ಅಣ್ಣನ ಮಗನ ಮೊಬೈಲ್ ಅಂಗಡಿಯಾಗಿದ್ದರೆ, ಅವನು ಎಲ್ಲರಷ್ಟೇ ಬಾಡಿಗೆ ಕೊಟ್ಟರೂ ಅದೂ ಟಿಪ್ಪಣಿಗೆ ಬರುತ್ತದೆ.

ಎಲ್ಲ ಸೇರಿ ಲಾಭ-ನಷ್ಟ ತಃಖ್ತೆ ಹೀಗೆ ನಿಲ್ಲುತ್ತದೆ:

ಕಾರ್ಯಾಚರಣೆಯ ಆದಾಯ (ಬಾಡಿಗೆ) – 10,40,000
ಆಸ್ತಿ ತೆರಿಗೆ – 48,000
ದುರಸ್ತಿ – 70,000
ವಿಮೆ – 12,000
ಕಾವಲು ಮತ್ತು ವಿದ್ಯುತ್ – 96,000
ನಿರ್ದೇಶಕರ ಸಂಭಾವನೆ – 1,20,000
ಲೆಕ್ಕಪರಿಶೋಧನೆ ಶುಲ್ಕ – 30,000
ಸಲ್ಲಿಕೆ ಶುಲ್ಕ, ಕಚೇರಿ ಖರ್ಚು – 14,000
ಸಂಶಯಾಸ್ಪದ ಸಾಲದ ಅವಕಾಶ – 15,000
ಸವಕಳಿ – 95,000
ಒಟ್ಟು ಖರ್ಚು – 5,00,000
ತೆರಿಗೆಗೆ ಮುಂಚಿನ ಲಾಭ – 5,40,000

ಆದಾಯ ತೆರಿಗೆಯ ಲೆಕ್ಕ ಬೇರೆಯೇ ನಿಯಮಗಳಿಂದ ನಡೆಯುತ್ತದೆ. ಇಲ್ಲಿ 1,20,000 ಎಂದು ಹಿಡಿಯೋಣ. ತೆರಿಗೆಯ ನಂತರದ ಲಾಭ 4,20,000, ಪ್ರತಿ ಷೇರಿನ ಗಳಿಕೆ 3.50 ರೂಪಾಯಿ. 20,000 ಷೇರಿರುವ ತಂಗಿಯ ಪಾಲಿನ ಲಾಭ 70,000.

ಪುಸ್ತಕದ ಲೆಕ್ಕದಲ್ಲಿ ಅವಳಿಗೆ ಸುಮಾರು 1,75,000 ಕಂಡಿತ್ತು. ಆ ವ್ಯತ್ಯಾಸದ ಹಣ ಎಲ್ಲೂ ಕಳೆದುಹೋಗಿಲ್ಲ. ಅದರಲ್ಲಿ ಹೆಚ್ಚಿನದು ಬಾಡಿಗೆದಾರರದ್ದು, ಭೋಗ್ಯದವರದ್ದು, ಒಂದಿಷ್ಟು ಸರ್ಕಾರದ್ದು. ಹಂಚಿಕೊಂಡಿದ್ದರೆ ನಾಲ್ವರೂ ಬೇರೆಯವರ ಹಣ ತಿಂದಂತಾಗುತ್ತಿತ್ತು, ಅದೂ ಯಾರಿಗೂ ಗೊತ್ತಾಗದೆ. ಲಾಭಾಂಶ ಕೊಡಬೇಕಾದದ್ದು ಸವಕಳಿ ಕಳೆದ ಲಾಭದಿಂದ ಎಂದು 123ನೇ ಕಲಂ ಹೇಳುತ್ತದೆ. ಷೇರಿಗೆ 3 ರೂಪಾಯಿಯಂತೆ ಘೋಷಿಸಿದರೆ ಒಟ್ಟು 3,60,000. ತಂಗಿಗೆ 60,000, ಅಣ್ಣನಿಗೆ 1,20,000, ಉಳಿದ 60,000 ಮೀಸಲಿಗೆ. ಘೋಷಿಸಿದ 5 ದಿನದೊಳಗೆ ಆ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, 30 ದಿನದೊಳಗೆ ಪಾವತಿಸಬೇಕು. ಅಣ್ಣ ಮೊದಲು, ತಂಗಿ ಆಮೇಲೆ ಎಂಬುದಿಲ್ಲ.

ಎರಡು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕೋ ದೊಡ್ಡ ಮಳಿಗೆಯೋ ಬಾಡಿಗೆದಾರರಾದರೆ ಬಾಡಿಗೆಯಲ್ಲಿ ಮೂಲದಲ್ಲೇ ತೆರಿಗೆ ಹಿಡಿದು ಕೊಡುತ್ತಾರೆ. 60,000 ಬಾಡಿಗೆಯಲ್ಲಿ ಶೇ 10 ಹಿಡಿದು 54,000 ಖಾತೆಗೆ ಬಂದರೂ ಆದಾಯ 60,000. ಹಿಡಿದ 6,000 ಮುಂಗಡ ಕಟ್ಟಿದ ತೆರಿಗೆಯಂತೆ ಆಸ್ತಿಯ ಕಡೆ ಹೋಗುತ್ತದೆ. ಮಳಿಗೆ ಬಾಡಿಗೆಗೆ ಶೇ 18 ಜಿಎಸ್‌ಟಿ ಇದ್ದರೂ, ವರ್ಷದ ವಹಿವಾಟು 20 ಲಕ್ಷದೊಳಗಿರುವ ನಮ್ಮ ಕಂಪನಿ ನೋಂದಾಯಿಸಬೇಕಿಲ್ಲ. ನೋಂದಾಯಿಸಿದವರು ವಸೂಲಿ ಮಾಡುವ ಜಿಎಸ್‌ಟಿ ಸರ್ಕಾರಕ್ಕೆ ಕಟ್ಟುವ ಹೊಣೆ, ಅದನ್ನು ಬಾಡಿಗೆಯ ಜೊತೆ ಕೂಡಬಾರದು.

ಲೆಕ್ಕ ಬರೆದರೆ ಕೆಲಸ ಮುಗಿಯಲಿಲ್ಲ. ಕಂಪನಿ ಎಷ್ಟೇ ಚಿಕ್ಕದಿರಲಿ, ಬಾಡಿಗೆ ಒಂದೇ ಮಳಿಗೆಯದಿರಲಿ, ಚಾರ್ಟರ್ಡ್ ಅಕೌಂಟೆಂಟರ ಲೆಕ್ಕಪರಿಶೋಧನೆ ಕಡ್ಡಾಯ. ಸಣ್ಣ ಕಂಪನಿಗೆ ಕೆಲವು ವಿನಾಯಿತಿಗಳಿವೆ. ನಗದು ಹರಿವಿನ ತಃಖ್ತೆ ಬೇಕಿಲ್ಲ, ಮಂಡಳಿಯ ಸಭೆ ಆರು ತಿಂಗಳಿಗೊಂದರಂತೆ ವರ್ಷಕ್ಕೆ ಎರಡು ಸಾಕು. ಮಂಡಳಿ ಒಪ್ಪಿ, ಪರಿಶೋಧಕರು ಸಹಿ ಹಾಕಿದ ಲೆಕ್ಕವನ್ನು ಸೆಪ್ಟೆಂಬರ್ 30ರೊಳಗಿನ ವಾರ್ಷಿಕ ಸಾಮಾನ್ಯ ಸಭೆಯ ಮುಂದಿಡಬೇಕು. ಬರಲಾಗದ ಅಕ್ಕ ಪ್ರತಿನಿಧಿಯನ್ನು ಕಳಿಸಬಹುದು. ಸಭೆಯಾದ 30 ದಿನದೊಳಗೆ ಎಒಸಿ-4 ನಮೂನೆಯಲ್ಲಿ ಲೆಕ್ಕ, 60 ದಿನದೊಳಗೆ ಎಂಜಿಟಿ-7ಎ ನಮೂನೆಯಲ್ಲಿ ವಾರ್ಷಿಕ ವಿವರ ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಬೇಕು. ನಮ್ಮ ರಿಜಿಸ್ಟ್ರಾರರ ಕಚೇರಿ ಬೆಂಗಳೂರಿನಲ್ಲಿದ್ದರೂ ಸಲ್ಲಿಕೆ ಆನ್‌ಲೈನ್, ಹಾಸನದಲ್ಲಿ ಕೂತೇ ಮಾಡಬಹುದು.

ತಡವಾದರೆ ನಮೂನೆಯೊಂದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಕೇಳಲು ಚಿಕ್ಕ ಮೊತ್ತ. ಎರಡು ನಮೂನೆ ಒಂದು ವರ್ಷ ತಡವಾದರೆ 73,000. ಅಣ್ಣನ ಸೋಮಾರಿತನಕ್ಕೆ ತೆತ್ತ ಆ ಹಣ ತಂಗಿಯ ಇಡೀ ವರ್ಷದ ಲಾಭಾಂಶಕ್ಕಿಂತ ಹೆಚ್ಚು. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಇದು ಕಾಗದದ ಮೇಲಿನ ಬೆದರಿಕೆಯಲ್ಲ. 2017ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕಿ, ಸುಮಾರು 3 ಲಕ್ಷ ನಿರ್ದೇಶಕರನ್ನು ಅನರ್ಹಗೊಳಿಸಿತು. ಹೆಸರು ಹೋದ ಕಂಪನಿಯ ಬ್ಯಾಂಕ್ ಖಾತೆ ನಡೆಯುವುದಿಲ್ಲ, ಆಸ್ತಿ ಮಾರಲು ಬರುವುದಿಲ್ಲ. ಮಳಿಗೆ ನಿಂತಲ್ಲೇ ಇದ್ದರೂ ಮಾಲೀಕರ ಕೈ ಕಟ್ಟಿದಂತೆ.

ಲೇಖನದ ಕರಡು ಓದಿದ ಸಹೋದ್ಯೋಗಿಯೊಬ್ಬರು, "ಮಸೀದಿಯ ಮಳಿಗೆಗಳ ಬಾಡಿಗೆಗೂ ಇದೇ ಲೆಕ್ಕವೇ?" ಎಂದು ಕೇಳಿದರು. ಬಾಕಿ, ಅಡ್ವಾನ್ಸ್, ದುರಸ್ತಿಗಳ ವಿಚಾರ ಒಂದೇ. ಆದರೆ ವಕ್ಫ್ ಆಸ್ತಿಗೆ ಷೇರುದಾರರಿಲ್ಲ, ಲಾಭಾಂಶವಿಲ್ಲ, ಮುತವಲ್ಲಿ ಮಾಲೀಕರಲ್ಲ. 1995ರ ವಕ್ಫ್ ಕಾಯ್ದೆಯ 46ನೇ ಕಲಂನಂತೆ ಮಾರ್ಚ್ 31ಕ್ಕೆ ಮುಗಿಯುವ 12 ತಿಂಗಳ ಪೂರ್ಣ ಲೆಕ್ಕವನ್ನು ಅವರು ಪ್ರತಿ ವರ್ಷ ವಕ್ಫ್ ಮಂಡಳಿಗೆ ಒಪ್ಪಿಸಬೇಕು. ನಿವ್ವಳ ಆದಾಯದಿಂದ ಮಂಡಳಿಗೆ ವಂತಿಗೆಯೂ ಇದೆ. ಅದರ ಗರಿಷ್ಠ ಪ್ರಮಾಣ ಮೊದಲು ಶೇ 7 ಇತ್ತು, 2025ರ ತಿದ್ದುಪಡಿಯಲ್ಲಿ ಶೇ 5 ಆಯಿತು. ಇಲ್ಲಿ ಕೀಲಿ ಇಲ್ಲದವರು ಅಕ್ಕತಂಗಿಯರಲ್ಲ. ಆ ಬಾಡಿಗೆಯಿಂದ ವಿದ್ಯಾರ್ಥಿವೇತನ ಸಿಗಬೇಕಾದ ಹುಡುಗನಿಗೂ ಪಡಿತರ ಸಿಗಬೇಕಾದ ವಿಧವೆಗೂ ಅಂಥದ್ದೊಂದು ಬಾಡಿಗೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಹಾಗಾಗಿ ಕಂಪನಿಗಿಂತ ಇಲ್ಲಿ ಲೆಕ್ಕ ಇನ್ನೂ ಬಿಗಿಯಾಗಿರಬೇಕು ಎಂಬುದು ನನ್ನ ಮಾತು. ನಮ್ಮಲ್ಲಿ ಎಷ್ಟೋ ಕಡೆ ಅದು ತಿರುವುಮುರುವಾಗಿದೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಇದೇ ಕಂಪನಿಯ 2025-26ನೇ ಸಾಲು. ಹಾಸನದ ಐದೂ ಮಳಿಗೆಗಳ ಬಾಡಿಗೆ ಅಕ್ಟೋಬರ್ 1ರಿಂದ ತಲಾ 13,000 ಆಯಿತು. ಗೋದಾಮು ಜೂನ್ 1ರಿಂದ ಹೊಸಬರಿಗೆ 25,000ಕ್ಕೆ ಹೋಯಿತು, ಅವರು 1,50,000 ಅಡ್ವಾನ್ಸ್ ಕೊಟ್ಟರು. ಅರಕಲಗೂಡಿನ ಒಂದು ಅಂಗಡಿ 5,000ದಂತೆ ನಡೆಯಿತು, ಇನ್ನೊಂದು ವರ್ಷಪೂರ್ತಿ ಖಾಲಿ. ಹಾಸನದ ಹಳೆಯ ಬಾಕಿ 36,000 ಏಪ್ರಿಲ್‌ನಲ್ಲಿ ವಸೂಲಾಯಿತು. ಹೊಳೆನರಸೀಪುರದ ಭೋಗ್ಯ ಹಾಗೆಯೇ ಇದೆ. ಕಾರ್ಯಾಚರಣೆಯ ಆದಾಯ ಎಷ್ಟು? 10,60,000 ಬಾರದಿದ್ದವರು ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬನ್ನಿ, ಊಟದ ವಿರಾಮದಲ್ಲಿ ಇರುತ್ತೇನೆ.